ಅಕ್ಕನಾಗಮ್ಮನ ದನಿಯ ಕೀಲಿಕೈ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಬೆಳಗಿನ ಹತ್ತೂವರೆಯ ಹೊತ್ತಿಗೆ ಬಳ್ಳಾರಿಯ ಸೈಬರ್ ಅಪರಾಧ ಪೊಲೀಸ್ ಠಾಣೆಯ ಮೆಟ್ಟಿಲುಗಳನ್ನು ಗಂಡ ಹೆಂಡತಿ ಇಬ್ಬರು ಹತ್ತಿ ಬಂದರು. ಗಂಡ ಕಪ್ಪು ಕನ್ನಡಕ ಹಾಕಿಕೊಂಡು ಹೆಂಡತಿಯ ಭುಜದ ಮೇಲೆ ಕೈಯಿಟ್ಟಿದ್ದ. ಹೆಂಡತಿ ಕೊರಳಿಗೆ ಬಿಳಿಯ ಹತ್ತಿಬಟ್ಟೆ ಸುತ್ತಿಕೊಂಡಿದ್ದಳು. ಮೆಟ್ಟಿಲು ಮುಗಿಯಿತೆಂದು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಭುಜವನ್ನು ತುಸು ಕುಗ್ಗಿಸಿದಳು, ಆತ ಕಾಲನ್ನು ಸಮನೆಲದ ಮೇಲಿಟ್ಟ. ಇನ್‌ಸ್ಪೆಕ್ಟರ್ ಓಬಳೇಶ ತನ್ನ ಕೋಣೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿದ.

"ನನ್ನ ಹೆಂಡ್ತಿ ದನಿ ಕಳುವಾಗೈತ್ರಿ ಸಾಹೇಬ್ರ. ಬರ್ಕೊಳ್ರಿ," ಎಂದ ಗಂಡ.

ಕಂಪ್ಯೂಟರಿನ ಮುಂದಿದ್ದ ಕಾನ್‌ಸ್ಟೆಬಲ್ ದುರ್ಗೇಶನಿಗೆ ನಗು ಬಂತು. ಹೆಡ್ ಕಾನ್‌ಸ್ಟೆಬಲ್ ಮಂಜಮ್ಮ ಕಣ್ಣಲ್ಲೇ ಗದರಿಸಿದಳು. "ಲೇ ದುರ್ಗೇಶ, ಹಲ್ಲು ಆಮ್ಯಾಲೆ ಕಿಸಿಯುವಿಯಂತ, ಎರಡು ಕುರ್ಚಿ ತಾ."

ಹೆಸರು ಗಾದಿಲಿಂಗಪ್ಪ, ಊರು ಸಿರುಗುಪ್ಪ. ಒಂಬತ್ತು ವರ್ಷಗಳ ಹಿಂದೆ ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರಿನ ಹಬೆ ಮುಖಕ್ಕೆ ಹೊಡೆದು ಎರಡೂ ಕಣ್ಣು ಹೋಗಿದ್ದವು. ಈಗ ಮನೆಯಲ್ಲೇ ಕುಳಿತು ದಬ್ಬಣ ಹಿಡಿದು ಗೋಣಿಚೀಲ ಹೊಲಿಯುತ್ತಾನೆ. ಹೆಂಡತಿ ಅಕ್ಕನಾಗಮ್ಮನಿಗೆ ಗಂಟಲಿನ ಕ್ಯಾನ್ಸರ್ ಆಗಿ ಆಗಸ್ಟ್ ತಿಂಗಳಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು.

"ಆಪರೇಷನ್‌ಕ್ಕ ಮೊದಲು ಬ್ರೂಸ್‌ಪೇಟಿ ಡಾಕ್ಟರಮ್ಮ ಈಕಿ ಮಾತೆಲ್ಲಾ ರೆಕಾರ್ಡ್ ಮಾಡಿ ಇಟ್ಟಿದ್ರು. ಫೋನಿನ್ಯಾಗ ಹಾಕಿ ಕೊಡ್ತೀವಿ, ಈಕಿ ಗುಂಡಿ ಒತ್ತಿದ್ರ ಈಕಿ ದನಿನೇ ಮಾತಾಡ್ತೈತಿ ಅಂದಿದ್ರು. ಶುಕ್ರವಾರ ಹೋದ್ರ, ಕೀಲಿಕೈ ಅಳಿಸಿ ಹೋಗೈತಿ, ಇನ್ನ ಅದು ತೆಗಿಯಂಗಿಲ್ಲ ಅಂತಾರ."

"ಈಗ ಮನ್ಯಾಗ ಹೆಂಗ ನಡಸ್ತೀರಿ?"

"ತಾಟು ಬಡದ್ರ ಊಟ. ಚೆಂಬು ಬಡದ್ರ ನೀರು. ನಮ್ಮನಿ ಬ್ಯಾಂಡ್ ಸೆಟ್ ಆಗೈತ್ರಿ."

ದುರ್ಗೇಶ ಮೆಲ್ಲನೆ ಕೇಳಿದ. "ಟೈಪ್ ಮಾಡಿದ್ದನ್ನ ಓದಿ ಹೇಳೋ ಆಪ್ ಅದಾವಲ್ರಿ, ಯಜಮಾನ್ರ?"

"ಹಾಕಿ ನೋಡೀವಪ್ಪಾ. ಈಕಿ 'ಊಟಕ್ಕ ಬರ್ರಿ' ಅಂತ ಬರದ್ರ, ಅದ್ರಾಗಿನಾಕಿ ರೇಡಿಯೋದಾಗ ವಾರ್ತಾ ಓದಿದಂಗ ಓದ್ತಾಳ. ನನ್ನ ಮನ್ಯಾಗ ಗೊತ್ತಿಲ್ಲದ ಹೆಂಗಸು ಯಾಕ ಮಾತಾಡಬೇಕು?"

ಅಕ್ಕನಾಗಮ್ಮನ ಭುಜಗಳು ಕುಲುಕಿದವು. ಅಳುತ್ತಿದ್ದಾಳೆಂದು ಓಬಳೇಶ ಮೊದಲು ಅಂದುಕೊಂಡ. ಆಕೆ ನಗುತ್ತಿದ್ದಳು. ಸದ್ದೇ ಇಲ್ಲದ ನಗುವನ್ನು ಅವನು ಅದೇ ಮೊದಲು ನೋಡಿದ್ದು. ಭುಜ ಮುಟ್ಟಿಕೊಂಡಿದ್ದ ಗಂಡನ ಕೈಗೆ ಮಾತ್ರ ಅದು ತಿಳಿಯಿತು, ಆತನೂ ನಕ್ಕ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಮಿನಲ್ಲಿ 'ಅಪರಿಚಿತ' ಎಂದು ಬರೆದರು.

*

ಬ್ರೂಸ್‌ಪೇಟೆಯಲ್ಲಿ ಜೀಪು ಒಳಗೆ ಹೋಗುವುದಿಲ್ಲ. ಬೆಲ್ಲದ ಮೂಟೆ ಹೊತ್ತ ಕೈಗಾಡಿಗಳ ನಡುವೆ ದಾರಿ ಬಿಡಿಸಿಕೊಂಡು ಪೊಲೀಸರು ಮೂವರೂ ನಡೆದೇ ಹೋದರು. ಸಗಟು ಅಂಗಡಿಯೊಂದರ ಮೇಲಿನ ಅಂತಸ್ತಿನಲ್ಲಿ 'ನುಡಿಬುತ್ತಿ ಟ್ರಸ್ಟ್' ಎಂಬ ಸಣ್ಣ ಫಲಕವಿತ್ತು. ನಡೆಸುವವರು ಡಾ. ಶೀಲಾ, ಮಾತಿನ ಚಿಕಿತ್ಸೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಗಂಟಲು ಕಳೆದುಕೊಳ್ಳಲಿರುವವರ ದನಿಯನ್ನು ಮೊದಲೇ ಹಿಡಿದಿಟ್ಟು, ಗಾಯ ಮಾಗಿದ ಮೇಲೆ ಅವರ ಕೈಗೆ ಒಪ್ಪಿಸುವುದು ಅವರ ಕೆಲಸ.

"ಮನಿಯಾಕಿ ಗಂಡನ ಜೋಡಿ ಆಡೋ ಮಾತು ಅಂದ್ರ ಮಂದಿ ಕಿವಿಗೆ ಬೀಳೋ ಅಂಥಾದ್ದಲ್ಲ," ಎಂದರು ಶೀಲಾ. "ಅದಕ್ಕ ರೆಕಾರ್ಡ್ ಆದ ಕೂಡ್ಲೇ ಬೀಗ ಹಾಕ್ತೀವಿ. ಪ್ರತಿಯೊಬ್ಬರಿಗೂ ಎರಡು ಕೀಲಿಕೈ. ಒಂದು ಹಾಕೋದು, ಅದು ಯಾರ ಕೈಯಾಗಿದ್ರೂ ಚಿಂತಿಲ್ಲ. ಇನ್ನೊಂದು ತೆಗಿಯೋದು. ಅದು ಪ್ರೈವೇಟ್ ಕೀ, ಗುಟ್ಟಿಂದು. ಅದು ಇಲ್ಲಂದ್ರ ಜಗತ್ತಿನ್ಯಾಗ ಯಾರಿಗೂ ತೆಗಿಯಾಕ ಆಗಂಗಿಲ್ಲ."

"ಗುಟ್ಟಿಂದು ಎಲ್ಲೆಲ್ಲಿ ಇರ್ತೈತಿ?"

"ಈ ಕಂಪ್ಯೂಟರಿನ್ಯಾಗ ಒಂದು. ಆ ಅಲಮಾರಿಯೊಳಗಿನ ಪೆನ್‌ಡ್ರೈವಿನ್ಯಾಗ ಒಂದು ಪ್ರತಿ. ದನಿ ಮಾತ್ರ ಮೂರು ಜಾಗದಾಗ ಐತಿ. ಅದು ಎಲ್ಲೂ ಹೋಗಿಲ್ಲ."

"ಹಂಗಾರ ಕೀಲಿಕೈ ಅಳಸೋದು ಯಾಕ?"

"ದನಿ ಯಜಮಾನರ ಕೈ ಸೇರಿದ ಮ್ಯಾಲೆ ನಮ್ಮ ಹತ್ರ ಗುಟ್ಟು ಇರಬಾರ್ದು. ಮೂರು ಜಾಗದಾಗಿನ ರೆಕಾರ್ಡ್ ಹುಡುಕಿ ಹುಡುಕಿ ಅಳಸೋದಕ್ಕಿಂತ ಕೀಲಿಕೈ ಅಳಸಿದ್ರ ಮುಗೀತು. ಬೀಗ ಇದ್ದಲ್ಲೇ ಇರ್ತೈತಿ, ಒಳಗಿಂದು ಯಾರಿಗೂ ಇಲ್ಲ."

ಈ ಅಳಿಸುವ ಕೆಲಸಕ್ಕೆ ಕಚೇರಿಯಲ್ಲಿ ಒಂದು ದಿನ ಗೊತ್ತಾಗಿತ್ತು. ವರ್ಷವೆಲ್ಲ ಒಪ್ಪಿಸಿ ಮುಗಿದವರ ಕೀಲಿಗಳನ್ನು ಆಯುಧ ಪೂಜೆಯ ಹಿಂದಿನ ದಿನ ಅಳಿಸಿ, ಮರುದಿನ ಕಂಪ್ಯೂಟರಿಗೆ ವಿಭೂತಿ ಹಚ್ಚಿ ಹೂವೇರಿಸುವುದು. ಈ ವರ್ಷ ಸೆಪ್ಟೆಂಬರ್ ಮೂವತ್ತರಂದು ಆರು ಜನರ ಕೀಲಿಗಳನ್ನು ಅಳಿಸಬೇಕಿತ್ತು. ಅಕ್ಕನಾಗಮ್ಮನದು ಅವುಗಳಲ್ಲಿ ಇರಲಿಲ್ಲ.

ಅಳಿಸಿದವನು ಕಂಪ್ಯೂಟರ್ ನೋಡಿಕೊಳ್ಳುವ ಶಶಿಕಾಂತ್. ವಯಸ್ಸು ಮೂವತ್ತೊಂಬತ್ತು, ಕುರುಗೋಡಿನಲ್ಲಿ ಬಾಡಿಗೆ ಮನೆ, ದಿನವೂ ಬಸ್ಸಿನಲ್ಲಿ ಓಡಾಟ. ಕರೆದರೆ ಬಂದು ಬಾಗಿಲ ಬಳಿಯೇ ನಿಂತ. ಕಚೇರಿಯ ಪೀಠೋಪಕರಣಗಳಲ್ಲಿ ತಾನೂ ಒಂದು ಎಂಬಂತೆ ನಿಲ್ಲುವುದನ್ನು ರೂಢಿ ಮಾಡಿಕೊಂಡವನು.

"ಏನಾತು?"

"ಆರು ಅಳಸೋವಾಗ ಕಣ್ತಪ್ಪಿ ಏಳನೇದು ಹೋತು ಸಾರ್. ತಪ್ಪಾತು."

"ಸುಮ್ನ ಡಿಲೀಟ್ ಒತ್ತಿದ್ದಾ? ವಾಪಸ್ ತರಾಕ ಬರ್ತೈತೇನು?"

"ಇಲ್ಲ ಸಾರ್. ಡಿಲೀಟ್ ಒತ್ತಿದ್ರ ಹೆಸರು ಅಷ್ಟ ಹೋಗ್ತೈತಿ, ಒಳಗಿಂದು ಉಳಿತೈತಿ. ನಮ್ಮ ಪದ್ಧತಿ ಹಂಗಲ್ಲ. ಆ ಜಾಗದ ಮ್ಯಾಲೆ ಅರ್ಥ ಇಲ್ಲದ್ದನ್ನ ಮೂರು ಸಲ ಬರದು, ಆಮ್ಯಾಲೆ ಅಳಸೋದು."

"ಅಲಮಾರಿಯೊಳಗಿನ ಪ್ರತಿ?"

"ಅದನ್ನೂ ಜೊತಿಗೇ ಅಳಸಬೇಕು ಸಾರ್. ನಿಯಮ ಐತಿ."

ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ದುರ್ಗೇಶ ಹಾರ್ಡ್‌ಡಿಸ್ಕಿನ ತದ್ರೂಪು ಪ್ರತಿ ತೆಗೆದು, ಮೂಲವನ್ನು ಅರಿವೆಯಲ್ಲಿ ಸುತ್ತಿ ಅರಗು ಹಾಕಿದ. ಓಬಳೇಶ ಹೊರಡಲು ಎದ್ದಾಗ ಶಶಿಕಾಂತ್ ತಾನಾಗಿ ಒಂದು ಮಾತು ಕೇಳಿದ, ಆ ದಿನವೆಲ್ಲ ಅವನು ತಾನಾಗಿ ಆಡಿದ್ದು ಅದೊಂದೇ.

"ಆಕಿ ಆರಾಮ ಅದಾರೇನ್ರಿ ಸಾರ್? ಗಾಯ ಮಾಗೈತೇನು?"

ಗಂಡನ ಸುದ್ದಿಯನ್ನು ಅವನು ಕೇಳಲಿಲ್ಲ.

ಸಂಜೆ ಠಾಣೆಯಲ್ಲಿ ದುರ್ಗೇಶ ಪರದೆಯನ್ನು ಇನ್‌ಸ್ಪೆಕ್ಟರರ ಕಡೆ ತಿರುಗಿಸಿದ. ಕಂಪ್ಯೂಟರಿನ ದಾಖಲೆಯಂತೆ ಆರು ಕೀಲಿಗಳನ್ನು ಅಳಿಸಿದ್ದು ಮಧ್ಯಾಹ್ನ ಮೂರು ಗಂಟೆಗೆ, ಡಾಕ್ಟರರ ಎದುರಿನಲ್ಲೇ. ಏಳನೆಯದು ಹೋದದ್ದು ನಾಲ್ಕೂವರೆಗೆ. ಅಲಮಾರಿಯ ಪೆನ್‌ಡ್ರೈವ್ ಚುಚ್ಚಿದ್ದು ಅದರ ಬೆನ್ನಿಗೇ. ಆ ಹೊತ್ತಿಗೆ ಡಾಕ್ಟರು ಶಿಬಿರಕ್ಕೆಂದು ಊರು ಬಿಟ್ಟಿದ್ದರು.

"ಕಣ್ಣು ಒಂದೂವರೆ ತಾಸು ತಡವಾಗಿ ತಪ್ಪೈತಿ ನೋಡ್ರಿ ಸಾರ್," ಎಂದಳು ಮಂಜಮ್ಮ. "ಎತ್ತಾಕ್ಕೊಂಡು ಬರೋಣೇನು?"

"ಬ್ಯಾಡ." ಓಬಳೇಶ ಪೆನ್ನಿನ ಮುಚ್ಚಳ ತಿರುವುತ್ತ ಕುಳಿತ. "ಅಂವ ತನಗಂತ ಒಂದು ಪ್ರತಿ ಇಟ್ಕೊಂಡಿದ್ರ? ನಾವು ಬಾಗಿಲು ಬಡದ ಕೂಡ್ಲೇ ಅದನ್ನೂ ಅಳಸ್ತಾನ. ಎಷ್ಟು ಹೊತ್ತು ಬೇಕು ಅದಕ್ಕ, ದುರ್ಗೇಶ?"

"ಅರ್ಧ ನಿಮಿಷ ಸಾರ್."

"ಆ ಅರ್ಧ ನಿಮಿಷ ಅವಂಗ ಸಿಗಬಾರ್ದು."

ರಾತ್ರಿ ಕ್ವಾರ್ಟರ್ಸಿನಲ್ಲಿ ಹೋಟೆಲಿನ ಪೊಟ್ಟಣ ಬಿಚ್ಚಿ ಓಬಳೇಶ ಒಬ್ಬನೇ ಉಂಡ. ಅವನ ಹೆಂಡತಿ ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. ಟೈಪ್ ಮಾಡಲು ಬೇಸರವೆಂದು ಫೋನಿನಲ್ಲಿ ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಅವನು ಕೇಳದೆಯೇ ಹೆಬ್ಬೆರಳಿನ ಚಿತ್ರ ಒತ್ತಿ ಬಿಡುತ್ತಿದ್ದ. ಬದುಕು ವರ್ಗಾವಣೆಯ ಆದೇಶಗಳಲ್ಲೇ ಸವೆದವನಿಗೆ ಅದು ತಪ್ಪೆಂದು ಎಂದೂ ತೋರಿರಲಿಲ್ಲ.

*

ಹೆಣ್ಣುಮಕ್ಕಳ ಹೇಳಿಕೆಯನ್ನು ಅವರ ಮನೆಯಲ್ಲೇ ಪಡೆಯಬೇಕೆಂಬ ನಿಯಮದಂತೆ ಬುಧವಾರ ಸಿರುಗುಪ್ಪಕ್ಕೆ ಹೊರಟರು. ಕಾಲುವೆಯ ನೀರುಂಡ ಗದ್ದೆಗಳು ದಾರಿಯುದ್ದಕ್ಕೂ ಹೊಡೆಗಟ್ಟಿ ನಿಂತಿದ್ದವು. ಊರು ಹತ್ತಿರವಾದಂತೆ ಗಿರಣಿಗಳ ತೌಡಿನ ವಾಸನೆ.

ಒಂದು ಅಂಕಣದ ಮನೆ. ಗಾದಿಲಿಂಗಪ್ಪ ಪಡಸಾಲೆಯಲ್ಲಿ ಗೋಣಿಚೀಲಗಳ ನಡುವೆ ಕುಳಿತಿದ್ದ. ಒಳಗೆ ಚೆಂಬು ಟಣ್ಣೆಂದಿತು.

"ನೀರು ಅಂತ," ಎಂದ ಗಾದಿಲಿಂಗಪ್ಪ. ಮತ್ತೆ ಎರಡು ಸಲ ಟಣ್ಣೆಂದಿತು. "ನಿಮಗೂ ಅಂತ."

ಮಂಜಮ್ಮ ಪ್ರಶ್ನೆ ಕೇಳಿದಳು, ಅಕ್ಕನಾಗಮ್ಮ ಸ್ಲೇಟಿನ ಮೇಲೆ ಬಳಪದಿಂದ ಬರೆದಳು. ರೆಕಾರ್ಡ್ ಮಾಡಿದವನು ಶಶಿಕಾಂತ್ ಎಂಬಾತ. ನಾಲ್ಕು ದಿನ ಹಿಡಿಯಿತು. ಒಳ್ಳೆಯವನು, ತಲೆ ಎತ್ತಿ ನೋಡಲಿಲ್ಲ. 'ನಾ ಇಲ್ಲೇ ಅದೀನಿ' ಎಂಬ ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿದ, ಸರಿಯಾಗಿ ಬಂದಿಲ್ಲವೆಂದ. ಸರಿಯಾಗಿಯೇ ಬಂದಿತ್ತು.

"ಅದು ಯಾವಾಗ ಹೇಳೋ ಮಾತವ್ವಾ?"

ಉತ್ತರ ಕೊಟ್ಟವನು ಗಾದಿಲಿಂಗಪ್ಪ. "ಕಣ್ಣು ಹೋದ ಹೊಸದಾಗಿ ನಾನು ಎದ್ದು ಎದ್ದು ತಡಕಾಡ್ತಿದ್ದೆ ನೋಡ್ರಿ. ಆಗಿಂದ ಈಕಿ ಹಿತ್ತಲಾಗಿರ್ಲಿ, ಓಣ್ಯಾಗಿರ್ಲಿ, ಆಗಾಗ ಒಂದು ಕೂಗು ಹಾಕಾಕಿ, 'ನಾ ಇಲ್ಲೇ ಅದೀನ್ರೀ' ಅಂತ. ಅಷ್ಟ ಸಾಕು ನನಗ, ಕೈಯಾಗಿನ ಕೆಲಸ ನಡೀತಿತ್ತು. ಈಗ ಈಕಿ ಬಚ್ಚಲಕ್ಕ ಹೋದ್ರೂ ಊರು ಬಿಟ್ಟು ಹೋದಂಗ ಆಗ್ತೈತಿ."

ಅಕ್ಕನಾಗಮ್ಮ ಹೋಗಿ ಗಂಡನ ಬೆನ್ನಿಗೆ ಎರಡು ಸಲ ತಟ್ಟಿದಳು. ಆ ಮಾತಿನ ಬದಲಿಗೆ ಅವರು ಕಂಡುಕೊಂಡ ಹೊಸ ಭಾಷೆ ಅದು. ಆದರೆ ಅದಕ್ಕೆ ಹತ್ತಿರವಿರಬೇಕು.

"ಇನ್ನೊಂದೈತ್ರಿ," ಎಂದ ಆತ, ನಾಚಿಕೆಯಿಂದ ದಬ್ಬಣವನ್ನು ಚೀಲಕ್ಕೆ ಚುಚ್ಚಿ. "ಈಕಿ ನನ್ನ ಹೆಸರು ಹಿಡದು ಕರದಾಕಿ ಅಲ್ಲ. ನಮ್ಮ ಕಡಿ ಹೆಣ್ಮಕ್ಕಳು ಕರಿಯಂಗಿಲ್ಲಲ್ರಿ. ಎಲ್ಲದಕ್ಕೂ 'ಏನ್ರೀ', 'ರೀ'. ಕಡೀ ದಿನ ಡಾಕ್ಟರಮ್ಮ, ಒಂದ ಒಂದು ಸಲ ಹೆಸರು ಹೇಳಿ ಬಿಡವ್ವಾ, ಇನ್ನ ಮ್ಯಾಲೆ ಹೇಳಾಕ ಆಗಂಗಿಲ್ಲ ಅಂದ್ರಂತ. ಹೇಳ್ಯಾಳಂತ. ಮದುವ್ಯಾಗಿ ಇಪ್ಪತ್ತಾರು ವರ್ಷ. ನನ್ನ ಹೆಸರು ಆಕಿ ಬಾಯಾಗ ಹೆಂಗ ಕೇಳ್ತೈತಿ, ಗೊತ್ತಿಲ್ಲ."

ಅಕ್ಕನಾಗಮ್ಮ ಸ್ಲೇಟನ್ನು ಸೆರಗಿನಿಂದ ಒರೆಸಿದಳು.

ಜೀಪು ಬಳ್ಳಾರಿಯ ದಾರಿ ಹಿಡಿಯಿತು. ಓಬಳೇಶ ಹೇಳಿದ, "ಅದೊಂದು ಬಿಟ್ರ ಎಲ್ಲೂ ಹೆಸರಿಲ್ಲ ಮಂಜಮ್ಮ. ಆ ರೆಕಾರ್ಡಿನ್ಯಾಗ ಎಲ್ಲಾ ಮಾತಿಗೂ 'ರೀ' ಅಂತೈತಿ. ಯಾರು ಕೇಳಿದ್ರೂ ಅವ್ರಿಗೇ ಹೇಳಿದಂಗ ಇರ್ತೈತಿ."

ಮಂಜಮ್ಮ ತಿರುಗಿ ನೋಡಿದಳು. "ಕುರುಗೋಡಿಗೆ ನಾ ಮೊದಲು ಹೋಗಿ ಬರ್ತೀನಿ ಸಾರ್. ಯೂನಿಫಾರ್ಮ್ ಇಲ್ಲದ."

*

ಗುರುವಾರ ಬೆಳಿಗ್ಗೆ ನ್ಯಾಯಾಲಯದಿಂದ ಶೋಧನಾ ವಾರಂಟು ದೊರೆಯಿತು. ಮಧ್ಯಾಹ್ನ ಮಂಜಮ್ಮ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು, ಕುರುಗೋಡಿನ ಗುಡ್ಡದ ಬುಡದ ಓಣಿಯಲ್ಲಿ ಬಾಡಿಗೆ ಮನೆ ಕೇಳುತ್ತ ಹೊರಟಳು. ಶಶಿಕಾಂತ್ ಇದ್ದ ಮನೆಯ ಒಡತಿ ವಿರೂಪಮ್ಮ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಖಾಲಿ ಇಲ್ಲವಾ. ಒಂದ ಕ್ವಾಣಿ, ಅದ್ರಾಗ ಒಬ್ಬಾಂವ ಅದಾನ."

"ಒಬ್ಬನೇ? ಹೆಂಡ್ತಿ ಮಕ್ಕಳು?"

"ಎಲ್ಲೀ ಹೆಂಡ್ತಿ! ಹಬ್ಬಕ್ಕ ಒಬ್ಬರ ಬಂದಾರಾ ಅವನ ಮನಿಗೆ? ಹೋಳಿಗಿ ನಾನೇ ಕೊಟ್ಟು ಬರ್ತೀನಿ. ತಾಟು ತೊಳದು ವಾಪಸ್ ಇಡ್ತಾನ, ಮಾತಿಲ್ಲ ಕತಿಯಿಲ್ಲ." ವಿರೂಪಮ್ಮ ಕೊಂಚ ಬಾಗಿ ದನಿ ಇಳಿಸಿದಳು. "ಆದ್ರ ಎರಡು ತಿಂಗಳಿಂದ ಸಂಜಿ ಮುಂದ ಒಳಗ ಹೆಂಗಸಿನ ದನಿ ಕೇಳ್ತೈತವಾ. 'ಊಟಕ್ಕ ಬರ್ರಿ' ಅಂತೈತಿ. ಯಾರಪ್ಪಾ ಅಂದ್ರ ಟಿವಿ ಅಂದ. ಅವನ ಮನ್ಯಾಗ ಟಿವಿನೇ ಇಲ್ಲ!"

"ನೀವು ಏನಂದ್ರಿ?"

"ಏನನ್ನಲಿ? ಮೊದಲು ಹೋಟ್ಲಾಗ ಉಣತಿದ್ದ. ಈಗ ಮನ್ಯಾಗ ಅಡಿಗಿ ಮಾಡ್ತಾನ. ಯಾವಾಕಿ ಇದ್ರೇನು, ಉಂಡು ಆರಾಮ ಇರ್ಲಿ ಅಂತ ಸುಮ್ನಾದೆ."

ಸಂಜೆ ಆರೂವರೆಗೆ ಬಳ್ಳಾರಿಯ ಬಸ್ಸು ಇಳಿದು ಶಶಿಕಾಂತ್ ನಡೆದು ಬಂದ. ಕೈಯಲ್ಲಿ ಮೆಂತ್ಯದ ಸೊಪ್ಪಿನ ಕಟ್ಟು. ಮಂಜಮ್ಮ, ಓಬಳೇಶ, ದುರ್ಗೇಶ ಮತ್ತು ಇಬ್ಬರು ಪಂಚರು ವಿರೂಪಮ್ಮನ ಪಡಸಾಲೆಯ ಕತ್ತಲಲ್ಲಿ ನಿಂತಿದ್ದರು. ಬೀಗ ತೆಗೆದ ಸದ್ದು, ದೀಪದ ಗುಂಡಿಯ ಸದ್ದು. ಆಮೇಲೆ ತೆಳುವಾದ ಗೋಡೆಯ ಆಚೆಯಿಂದ ಹೆಣ್ಣು ದನಿಯೊಂದು, ಮನೆಗೆಲಸದ ನಡುವೆ ತಲೆ ಎತ್ತದೆ ಆಡುವ ಹಾಗೆ, ಸಲೀಸಾಗಿ ಕೇಳಿತು.

"ಬಂದ್ರ್ಯಾ? ಕೈಕಾಲು ತೊಳ್ಕೊಳ್ರಿ."

"ಬಂದೆ," ಎಂದ ಶಶಿಕಾಂತ್. ನೀರಿನ ಸದ್ದಾಯಿತು.

ಮಂಜಮ್ಮ ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡಳು. ಎಷ್ಟೋ ಮನೆಗಳಿಗೆ ದಾಳಿಯಿಟ್ಟವನು ಓಬಳೇಶ. ಈ ಬಾಗಿಲನ್ನು ತಳ್ಳಲು ಮಾತ್ರ ಅವನ ಕೈ ಕ್ಷಣಕಾಲ ಮೇಲೇಳಲಿಲ್ಲ.

"ನಾ ಇಲ್ಲೇ ಅದೀನಿ," ಎಂದಿತು ದನಿ.

ಓಬಳೇಶ ಬಾಗಿಲು ತಳ್ಳಿದ. ಶಶಿಕಾಂತ್ ಒದ್ದೆ ಕೈಯಲ್ಲೇ ಲ್ಯಾಪ್‌ಟಾಪ್ ಮುಚ್ಚಿ, ಅದರಿಂದ ಏನನ್ನೋ ಕಿತ್ತು, ದೇವರ ಗೂಡಿನ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದ. ದುರ್ಗೇಶ ಅಡ್ಡ ನಿಂತ. ಮಂಜಮ್ಮ ಮೊಬೈಲಿನಲ್ಲಿ ವಿಡಿಯೊ ಚಿತ್ರೀಕರಣ ಶುರುಮಾಡಿದಳು.

"ಏನದು ಕೈಯಾಗ?"

"ಹಳೇ ಪೆನ್‌ಡ್ರೈವ್ ಸಾರ್. ಹಾಳಾಗೈತಿ. ಖಾಲಿ."

ಓಬಳೇಶ ಕೈಚಾಚಿದ. ಬೆರಳಿನಷ್ಟುದ್ದದ ಕಪ್ಪು ಪೆನ್‌ಡ್ರೈವ್. ಅದರ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಹಬ್ಬ ಕಳೆದು ಎರಡು ವಾರ ಆಗಿದ್ದರೂ ವಿಭೂತಿ ಮಾಸಿರಲಿಲ್ಲ. ದಿನವೂ ಹೊಸದಾಗಿ ಹಚ್ಚಿದಂತಿತ್ತು. ಮೇಜಿನ ಮೇಲೆ ಇನ್ನೂ ಮೂರು ಪೆನ್‌ಡ್ರೈವುಗಳು ಬಿದ್ದಿದ್ದವು. ಲ್ಯಾಪ್‌ಟಾಪಿಗೂ ಅವುಗಳಿಗೂ ಪೂಜೆಯ ಗುರುತಿರಲಿಲ್ಲ.

"ಹೊಟ್ಟಿಗೆ ಅನ್ನ ಹಾಕೋ ಲ್ಯಾಪ್‌ಟಾಪಿಗೆ ವಿಭೂತಿ ಇಲ್ಲ," ಎಂದ ಓಬಳೇಶ ಮೆಲ್ಲಗೆ. "ಹಾಳಾದ್ದಕ್ಕ ಯಾಕ ಹಚ್ಚೀದಿ?"

ಶಶಿಕಾಂತ್ ಒಲೆಯ ಕಡೆ ನೋಡಿದ. ಅಲ್ಲಿ ತಾಟು ಬೋರಲು ಹಾಕಿತ್ತು.

ಜಪ್ತಿ ಪಂಚನಾಮೆ ಮುಗಿಸಿ ವಿಚಾರಣೆಗೆಂದು ಅವನನ್ನು ಜೀಪಿನಲ್ಲಿ ಕೂಡಿಸಿಕೊಂಡು ಹೊರಟರು. ಕೋಳೂರು ದಾಟಿದ ಮೇಲೆ ಓಬಳೇಶ ಫೋನು ತೆಗೆದು, ಹೆಂಡತಿ ಬೆಳಿಗ್ಗೆ ಕಳಿಸಿದ್ದ ಮಾತನ್ನು ಕಿವಿಗೆ ಹಿಡಿದ. ಸಿಲಿಂಡರ್ ಬುಕ್ ಮಾಡಿದಿರೋ ಇಲ್ಲವೋ, ಹೋದ ಸಲವೂ ಹೀಗೇ ಮರೆತಿರಿ ಎಂದು ರೇಗಿದ್ದಳು. ಅವನು ಅದನ್ನು ಎರಡು ಸಲ ಕೇಳಿದ.

*

ಶುಕ್ರವಾರ ಬೆಳಿಗ್ಗೆ ದುರ್ಗೇಶ ಪೆನ್‌ಡ್ರೈವಿನ ತದ್ರೂಪು ಪ್ರತಿ ತೆಗೆದು ಮೂಲವನ್ನು ಮೊಹರು ಮಾಡಿದ. ಪ್ರತಿಯಲ್ಲಿ ಅಕ್ಕನಾಗಮ್ಮನ ಪ್ರೈವೇಟ್ ಕೀ ಇತ್ತು. ಆದರೆ ಅದಕ್ಕೂ ಒಂದು ಪಾಸ್‌ವರ್ಡಿನ ಕಾವಲಿತ್ತು. ಟ್ರಸ್ಟಿನದನ್ನು ತೆಗೆದು ಶಶಿಕಾಂತ್ ತನ್ನದನ್ನು ಹಾಕಿದ್ದ.

"ಕೀಲಿಕೈ ಸಿಕ್ಕೈತಿ ಸಾರ್. ಅದನ್ನ ಇಟ್ಟ ಪೆಟ್ಟಿಗಿ ಕೀಲಿಕೈ ಅವನ ತಲಿಯಾಗ ಐತಿ."

"ಪಾಸ್‌ವರ್ಡ್ ಏನು?" ಎಂದು ಕೇಳಿದರೆ ಶಶಿಕಾಂತ್ ನೆಲ ನೋಡಿದ. ಮಧ್ಯಾಹ್ನದವರೆಗೂ ಕೇಳಿದರು. ಗದರಿಸಿದರೂ ಅಷ್ಟೇ, ಚಹಾ ತರಿಸಿಕೊಟ್ಟರೂ ಅಷ್ಟೇ. ಹೇಳೆಂದು ಬಲವಂತ ಮಾಡಲು ಕಾನೂನು ಬಿಡದು. ಇನ್ನೊಬ್ಬರಾಗಿದ್ದರೆ ಕಾನೂನನ್ನು ಆಚೆಗೆ ಸರಿಸುತ್ತಿದ್ದರೇನೋ. ಓಬಳೇಶ ಮಂಜಮ್ಮನನ್ನು ಕರೆದ.

"ಸಿರುಗುಪ್ಪಕ್ಕ ಜೀಪು ಕಳಿಸು. ವಸ್ತು ಗುರ್ತಿಸಾಕ ಫಿರ್ಯಾದುದಾರರು ಬರಬೇಕು ಅಂತ ಹೇಳು."

ಮೂರು ಗಂಟೆಗೆ ಗಂಡ ಹೆಂಡತಿ ಬಂದರು. ಅಕ್ಕನಾಗಮ್ಮ ಗಂಡನನ್ನು ಬೆಂಚಿನ ಮೇಲೆ ಕೂಡಿಸಿ, ಸಹಿ ಮಾಡಲು ಒಳಗಿನ ಮೇಜಿಗೆ ಹೋದಳು. ಎದುರು ಬೆಂಚಿನ ಮೇಲೆ ಶಶಿಕಾಂತ್ ಇದ್ದ. ಅದು ಗಾದಿಲಿಂಗಪ್ಪನಿಗೆ ಗೊತ್ತಿರಲಿಲ್ಲ.

ಅರ್ಧ ನಿಮಿಷ ಕಳೆಯಿತು. ಗಾದಿಲಿಂಗಪ್ಪನ ಕೈ ಬೆಂಚಿನ ಮೇಲೆ ಪಕ್ಕಕ್ಕೆ ಹರಿದು ತಡಕಾಡಿತು. ಏನೂ ಸಿಗಲಿಲ್ಲ. ಮುಖ ಆಚೆ ಈಚೆ ತಿರುಗಿತು. "ಎಲ್ಲಿ ಅದೀ?" ಎಂದ ಆತ, ಯಾರಿಗೂ ಅಲ್ಲದ ಹಾಗೆ. ಎದ್ದು ನಿಂತ. ಒಳಗಿನ ಮೇಜಿನ ಬಳಿಯಿಂದ ಅಕ್ಕನಾಗಮ್ಮ ಅದನ್ನು ಕಂಡಳು. ಆಕೆಯ ಬಾಯಿ ತೆರೆಯಿತು, ಕೊರಳ ಬಟ್ಟೆ ಅದುರಿತು, ಗಾಳಿಯಷ್ಟೇ ಬಂತು. ಆಕೆ ಪೆನ್ನು ಬಿಟ್ಟು ಓಡಿಬಂದು ಆತನ ಬೆನ್ನಿಗೆ ಎರಡು ಸಲ ತಟ್ಟಿದಳು. ಆತ ಕುಳಿತ.

ಶಶಿಕಾಂತ್ ಎಲ್ಲವನ್ನೂ ನೋಡಿದ. ಆಮೇಲೆ ಎದ್ದು ದುರ್ಗೇಶನ ಕಂಪ್ಯೂಟರಿನ ಮುಂದೆ ಹೋಗಿ ನಿಂತ.

"ಹೇಳಂಗಿಲ್ಲ ಸಾರ್. ನಾನೇ ಒತ್ತುತೀನಿ."

ಒತ್ತಿದ. ಬಳಿಕ ಡಾ. ಶೀಲಾ, ಪಂಚರು ಮತ್ತು ದಂಪತಿಗಳ ಸಮಕ್ಷಮ ದುರ್ಗೇಶ ಕಡತಗಳನ್ನು ತೆರೆದ. ಪ್ರತಿಯೊಂದನ್ನು ಎಷ್ಟು ಸಲ ತೆರೆದು ಕೇಳಿದ್ದಾರೆಂಬ ಲೆಕ್ಕ ಶಶಿಕಾಂತನ ಲ್ಯಾಪ್‌ಟಾಪಿನಲ್ಲಿತ್ತು. ಉಳಿದವೆಲ್ಲ ಮತ್ತೆ ಮತ್ತೆ ಕೇಳಿ ಸವೆದಂಥವು. ಕೊನೆಯ ಕಡತವೊಂದನ್ನು ಒಮ್ಮೆಯೂ ತೆರೆದಿರಲಿಲ್ಲ.

"ಇದ್ಯಾಕ ಕೇಳಿಲ್ಲ?"

"ಅದು ನಂದಲ್ಲ ಸಾರ್," ಎಂದ ಶಶಿಕಾಂತ್.

ದುರ್ಗೇಶ ಗುಂಡಿ ಒತ್ತಿದ. ಮೊದಲು ಸಣ್ಣ ನಗು, ಬೇಡವೆನ್ನುವ ಹಾಗೆ. ಕುರ್ಚಿ ಸರಿದ ಸದ್ದು. ಆಮೇಲೆ, ಹಿತ್ತಲಿನಿಂದ ಪಡಸಾಲೆಗೆ ಕೇಳುವಷ್ಟು ದೊಡ್ಡದಾಗಿ, ಒಂದೇ ಉಸಿರಿನಲ್ಲಿ:

"ಗಾದಿಲಿಂಗಪ್ಪಾ!"

"ಓ," ಎಂದ ಗಾದಿಲಿಂಗಪ್ಪ, ಕುಳಿತಲ್ಲಿಂದಲೇ, ಕರೆದರೆ ಓಗೊಡುವ ರೂಢಿಯಿಂದ. ಬಳಿಕ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಅಕ್ಕನಾಗಮ್ಮ ನಾಚಿ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು, ಮತ್ತೆ ಆಕೆಯ ಭುಜಗಳು ಕುಲುಕಿದವು.

*

ಸಂಜೆ ಐದು ಗಂಟೆಗೆ ದಸ್ತಗಿರಿ ದಾಖಲಾಯಿತು. ಆರೋಪಿಯ ಹೇಳಿಕೆಯನ್ನು ಓಬಳೇಶ ತಾನೇ ಬರೆದುಕೊಂಡ. ರೆಕಾರ್ಡಿನಲ್ಲಿ ಸೇರಿದ ಫ್ಯಾನಿನ ಸದ್ದು ತೆಗೆಯಲೆಂದು ಮೊದಲು ಮನೆಗೆ ಒಯ್ದಿದ್ದನಂತೆ. 'ಊಟಕ್ಕ ಬರ್ರಿ' ಎಂದು ಕೇಳಿದಾಗ ಅರಿವಿಲ್ಲದೆ ಎದ್ದು ನಿಂತನಂತೆ. ಅಂದು ಮನೆಯಲ್ಲಿ ಉಣ್ಣಲು ಏನೂ ಇರಲಿಲ್ಲ. ಮರುದಿನ ಅಕ್ಕಿ ತಂದ. ಒಂದು ಸಂಜೆ ಬಸ್ಸು ತಪ್ಪಿದಾಗ, ಯಾರೋ ದಾರಿ ಕಾಯುತ್ತಾರೆಂಬ ಗಾಬರಿಯಾಯಿತಂತೆ. ಅಂಥ ಗಾಬರಿ ಅವನಿಗೆ ಹಿಂದೆ ಆಗಿರಲಿಲ್ಲ.

"ಅವ್ರಿಗೆ ಕೊಟ್ಟು, ನೀನೂ ಒಂದು ಪ್ರತಿ ಕಳ್ಳತನಲೇ ಇಟ್ಕೋಬಹುದಿತ್ತಲ್ಲ? ಅವ್ರದ್ಯಾಕ ಅಳಸಿದಿ?"

"ನನಗ ಹೇಳಿದ್ದನ್ನ ಅಲ್ಲೂ ಒಬ್ಬರಿಗೆ ಹೇಳ್ತಾರ ಅಂತ ಗೊತ್ತಿದ್ರ, ಮನಿಗೆ ಹೆಂಗ ಹೋಗ್ಲಿ ಸಾರ್?"

ದಸ್ತಗಿರಿಯ ಸುದ್ದಿಯನ್ನು ಯಾರಿಗೆ ತಿಳಿಸಬೇಕೆಂಬ ಕಾಲಮು ಉಳಿದಿತ್ತು. "ಹೆಸರು ಹೇಳು," ಎಂದಳು ಮಂಜಮ್ಮ. ಅವನು ತಲೆ ಅಲ್ಲಾಡಿಸಿದ. "ಅಣ್ಣ ತಮ್ಮ? ದೋಸ್ತು?" ಅದಕ್ಕೂ ಅಷ್ಟೇ. ಜಾಮೀನು ಕೊಡಬಹುದಾದ ಕಲಮು ಅದು. ಭದ್ರತೆಗೆ ಒಬ್ಬರು ಬಂದು ಸಹಿ ಹಾಕಿದರೆ ಅವನು ಮನೆಗೆ ಹೋಗಬಹುದಿತ್ತು. ಮಂಜಮ್ಮ ಯಾರನ್ನೂ ಕೇಳದೆ ಹೊರಗೆ ಹೋಗಿ ಒಂದು ಫೋನು ಮಾಡಿ ಬಂದಳು. ಬಳಿಕ ಕಾಲಮಿನಲ್ಲಿ ತಾನೇ ಏನನ್ನೋ ಬರೆದಳು.

ಡಾ. ಶೀಲಾ ಹೊರಡುವ ಮುನ್ನ ಅಕ್ಕನಾಗಮ್ಮನ ಫೋನಿಗೆ ದನಿಯನ್ನು ತುಂಬಿಸಿಕೊಟ್ಟರು. ಶಶಿಕಾಂತನ ಬಳಿಯಿದ್ದ ಕೀಲಿಯನ್ನು ನ್ಯಾಯಾಲಯದ ಅಪ್ಪಣೆ ಬಂದ ದಿನ, ಎಲ್ಲರೆದುರು, ಮೂರು ಸಲ ಕಸ ಬರೆದು ಅಳಿಸುವುದೆಂದು ಕೇಸ್ ಡೈರಿಯಲ್ಲಿ ಸೇರಿತು. ಗಂಡ ಹೆಂಡತಿ ಜೀಪು ಹತ್ತುವಾಗ ಗೇಟಿನ ಬಳಿಯಿಂದ 'ನಾ ಇಲ್ಲೇ ಅದೀನಿ' ಎಂದು ಒಮ್ಮೆ ಕೇಳಿಬಂತು. ಬೆಂಚಿನ ಮೇಲಿದ್ದ ಶಶಿಕಾಂತ್ ಮುಖ ಎತ್ತಿದ. ಓಗೊಡಲಿಲ್ಲ.

ಕತ್ತಲಾಗುವ ಹೊತ್ತಿಗೆ ಕುರುಗೋಡಿನ ಬಸ್ಸು ಬಂದು ಹೋಗಿತ್ತು. ಠಾಣೆಯ ಬಾಗಿಲಲ್ಲಿ ವಿರೂಪಮ್ಮ ನಿಂತಿದ್ದಳು, ಕಂಕುಳಲ್ಲಿ ಮನೆಯ ಕಾಗದಪತ್ರ, ಕೈಯಲ್ಲಿ ಬುತ್ತಿ. ಪೊಲೀಸರ ನಡುವೆ ಯಾರನ್ನು ಕೇಳಬೇಕೋ ತಿಳಿಯದೆ ಅಲ್ಲಿಂದಲೇ ಕೂಗಿದಳು.

"ಶಶಿಕಾಂತಾ! ಲೇ ಶಶಿಕಾಂತಾ!"

ಅವನು ಏಳಲಿಲ್ಲ. ಕೂಗಿದ್ದು ತನ್ನನ್ನೇ ಎಂದು ತಿಳಿಯಲು ಅವನಿಗೆ ತುಸು ಹೊತ್ತು ಹಿಡಿಯಿತು.